ಹೊಸ ರಬ್ಬರ್ ಸೋಲ್ ನಿಲ್ಲುತ್ತಿಲ್ಲವೇ? ಶೂ, ಬೂಟಿನ ದೋಷ ಹುಡುಕಿ ಸೋಲ್ ಆರಿಸುವ ಬಗೆ

ಹೊಸ ಸೋಲ್ ಹಾಕಿಸಿದ ಶೂ ಎರಡು ತಿಂಗಳಿಗೇ ಮತ್ತೆ ಬಾಯಿ ಬಿಟ್ಟರೆ ಮೊದಲು ಬೈಸಿಕೊಳ್ಳುವುದು ಗೋಂದು. ಮತ್ತಷ್ಟು ಗೋಂದು ಮೆತ್ತಿ, ಸುತ್ತ ನಾಲ್ಕು ಮೊಳೆ ಹೊಡೆಸಿ ತರುತ್ತಾರೆ. ಮಳೆಗಾಲ ಬರುವಷ್ಟರಲ್ಲಿ ಮತ್ತೆ ಅದೇ ಪಾಡು. ದೋಷ ಇರುವುದು ಬಹಳಷ್ಟು ಸಲ ಹೊಂದಾಣಿಕೆಯಲ್ಲಿ. ರಬ್ಬರ್ ಎಂದುಕೊಂಡದ್ದು ರಬ್ಬರೇ ಆಗಿರುವುದಿಲ್ಲ. ಅಥವಾ ಆ ವಸ್ತುವನ್ನು ಹಿಡಿಯದ ಗೋಂದು ಬಿದ್ದಿರುತ್ತದೆ. ಇಲ್ಲವೇ ಶೂ ಕಟ್ಟಿದ ರೀತಿಗೆ ಆ ದಪ್ಪ, ಆ ಗಡಸು ಒಗ್ಗಿರುವುದಿಲ್ಲ. ಹಾಗಾಗಿ ಹೊಸ ಸೋಲ್ ಆರಿಸುವ ಮುಂಚೆ ಹಳೆಯದು ಯಾಕೆ ಕೆಟ್ಟಿತು ಎಂಬುದು ಗೊತ್ತಾಗಬೇಕು. ಅದಕ್ಕೆ ಬೇಕಾದ ಸಾಕ್ಷಿಯೆಲ್ಲ ಆ ಶೂವಿನ ಅಡಿಯಲ್ಲೇ ಇರುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಈ ತಪ್ಪುಗಳು ಬೇಗ ಬಯಲಿಗೆ ಬೀಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಊರುಗಳಿವು. ಅಂಥ ಮಧ್ಯಾಹ್ನ ಡಾಂಬರು ರಸ್ತೆಯ ಮೈ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೂ ಅಷ್ಟೇ ಕಾವು. ಸೊಲ್ಯೂಷನ್ ಎಂದು ಕರೆಯುವ ಸಾದಾ ಶೂ ಗೋಂದು ಮೆತ್ತಗಾಗತೊಡಗುವುದೂ ಅದೇ ಮಟ್ಟದಲ್ಲಿ. ತಂಪು ಊರಿನಲ್ಲಿ ಎರಡು ವರ್ಷ ಮುಚ್ಚಿಕೊಂಡು ಹೋಗುವ ಕಳಪೆ ಅಂಟು ಇಲ್ಲಿ ಒಂದು ಬೇಸಿಗೆಯನ್ನೂ ದಾಟುವುದಿಲ್ಲ.

ಬಿಚ್ಚಿದ ಮುಖವನ್ನು ಓದಿ

ಬಾಯಿ ಬಿಟ್ಟ ಜಾಗವನ್ನು ಕೈಯಿಂದ ಇನ್ನೊಂದು ಬೆರಳಗಲ ಮೆಲ್ಲಗೆ ಬಿಡಿಸಿ. ಒಳಗೆ ಧೂಳು ಸೇರದ ಹೊಸ ಮುಖ ಕಾಣುವಷ್ಟು ಸಾಕು. ಈಗ ಗೋಂದಿನ ಪದರ ಯಾವ ಕಡೆ ಉಳಿದಿದೆ ನೋಡಿ.

ಪದರವೆಲ್ಲ ಶೂವಿನ ಚರ್ಮದ ಕಡೆಗೇ ಕೂತು, ಸೋಲ್ ಕಡೆ ನುಣುಪಾಗಿ, ಹೊಳೆಯುತ್ತ ಉಳಿದಿದ್ದರೆ ಗೋಂದು ಸೋಲನ್ನು ಹಿಡಿದೇ ಇಲ್ಲ. ಅಚ್ಚಿನಿಂದ ಬಂದ ಸೋಲ್‌ನ ಮೈಮೇಲೆ ಅಚ್ಚಿಗೆ ಅಂಟದಿರಲೆಂದು ಬಳಸಿದ ಎಣ್ಣೆ ಅಥವಾ ಸಿಲಿಕೋನ್ ಉಳಿದಿರುತ್ತದೆ. ಅದನ್ನು ಉಜ್ಜಿ ತೆಗೆಯದೆ ಬಳಿದರೆ ಎಷ್ಟು ಒಳ್ಳೆಯ ಗೋಂದಾದರೂ ಸಿಪ್ಪೆಯ ಹಾಗೆ ಎದ್ದುಬರುತ್ತದೆ. ಉಜ್ಜಿಯೂ ಹೀಗಾಗಿದ್ದರೆ ಅದು ಟಿಪಿಆರ್ (ಕಾಯಿಸಿದರೆ ಕರಗುವ ರಬ್ಬರಿನಂಥ ಪ್ಲಾಸ್ಟಿಕ್) ಸೋಲ್, ಗೋಂದು ಹಿಡಿಯಲೆಂದು ಮೊದಲು ಬಳಿಯುವ ಪ್ರೈಮರ್ ಹಾಕಿಲ್ಲ ಎಂದು ಅನುಮಾನಿಸಿ.

ಇದರ ತಿರುಗಾ, ಅಂದರೆ ಪದರ ಸೋಲ್‌ಗೆ ಅಂಟಿ ಚರ್ಮದ ಕಡೆ ಬೋಳಾಗಿದ್ದರೆ, ಚರ್ಮವನ್ನು ತಯಾರು ಮಾಡಿಲ್ಲ. ಹಳೆಯ ಗೋಂದಿನ ಮೇಲೇ ಹೊಸದು ಬಳಿದಿರುತ್ತಾರೆ, ಪಾಲಿಶ್‌ನ ಮೇಣ ಅಂಚಿನಿಂದ ಒಳಗೆ ಇಳಿದಿರುತ್ತದೆ, ಇಲ್ಲವೇ ಚರ್ಮ ಒದ್ದೆ ಇದ್ದಿರುತ್ತದೆ.

ಎರಡೂ ಕಡೆ ಗೋಂದು ಇದೆ, ಎಳೆದಾಗ ದಾರದಂತೆ ಎಳೆಯಾಗುತ್ತದೆ, ಬೆರಳಿಗೆ ಜಿಗಿ ಹತ್ತುತ್ತದೆ ಎಂದರೆ ಗೋಂದು ಮೆತ್ತಗಾಗಿದೆ. ಇದಕ್ಕೆ ಮೂರು ಕಾರಣ ಇರಬಹುದು. ಹಾರ್ಡ್‌ನರ್ (ಗೋಂದನ್ನು ಗಟ್ಟಿ ಮಾಡುವ ಬೆರಕೆ) ಸೇರಿಸದ ಸೊಲ್ಯೂಷನ್ ಬಿಸಿಗೆ ಸೋತಿರುತ್ತದೆ. ಅಥವಾ ಒಳಗಿನ ದ್ರಾವಕ ಆರುವ ಮುಂಚೆಯೇ ಜೋಡಿಸಿರುತ್ತಾರೆ. ಅಥವಾ ಸೋಲ್ ಪಿವಿಸಿಯದು. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ನಿಯೋಪ್ರೀನ್ ಗೋಂದನ್ನು (ಅದೇ ಸಾದಾ ಸೊಲ್ಯೂಷನ್) ಕರಗಿಸುತ್ತದೆ. ಈ ಮೂರನೆಯ ದೋಷಕ್ಕೆ ಒಂದು ಗುರುತು ಇದೆ: ಮೊದಲ ಕೆಲವು ವಾರ ಗಟ್ಟಿಯಾಗಿದ್ದು ಆಮೇಲೆ ಸುತ್ತಲೂ ಒಂದೇ ಸಮ ಸಡಿಲಾಗುತ್ತದೆ.

ಎರಡೂ ಕಡೆ ಗೋಂದು ಇದ್ದು, ಎರಡೂ ಪದರ ಒಣಗಿ ಹೊಳೆಯುತ್ತ, ಒಂದಕ್ಕೊಂದು ಬೆರೆತೇ ಇಲ್ಲದಂತೆ ಕಂಡರೆ ಜೋಡಿಸಲು ತಡ ಮಾಡಿದ್ದಾರೆ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಇದು ಸಾಮಾನ್ಯ. ನಡುನಡುವೆ ದ್ವೀಪಗಳಂತೆ ಅಲ್ಲಲ್ಲಿ ಮಾತ್ರ ಬೆರೆತಿದ್ದರೆ ಸುತ್ತಿಗೆ ಬಿದ್ದಲ್ಲಿ ಹಿಡಿದಿದೆ, ಉಳಿದೆಡೆ ಒತ್ತಡ ಸಾಲದು. ಪಾದದ ಕಮಾನಿನ ಕೆಳಗೆ ಹೀಗಾಗುವುದೇ ಹೆಚ್ಚು, ಏಕೆಂದರೆ ಚಪ್ಪಟೆ ಕಲ್ಲಿನ ಮೇಲಿಟ್ಟು ಬಡಿದರೆ ಆ ಟೊಳ್ಳಿಗೆ ಪೆಟ್ಟು ತಾಗುವುದಿಲ್ಲ.

ಕೊನೆಯದು, ಗೋಂದು ಬಿಡದೆ ಚರ್ಮದ ನಾರೋ ಸೋಲ್‌ನ ಚೂರೋ ಕಿತ್ತುಬಂದಿದ್ದರೆ ಅಂಟಿಸಿದ ಕೈಯನ್ನು ದೂರಬೇಡಿ. ಅಂಟು ಚೆನ್ನಾಗಿಯೇ ಹಿಡಿದಿದೆ, ವಸ್ತುವೇ ಸತ್ತಿದೆ. ಅಲ್ಲಿ ಗೋಂದು ಬದಲಿಸಿ ಪ್ರಯೋಜನವಿಲ್ಲ.

ಸೋಲ್ ಯಾವುದರದು?

ಅಂಗಡಿಯಲ್ಲಿ ಎಲ್ಲವನ್ನೂ ‘ರಬ್ಬರ್’ ಎಂದೇ ಮಾರುತ್ತಾರೆ. ಮನೆಯಲ್ಲೇ ಗುರುತಿಸಬಹುದು. ಹಳೆಯ ಸೋಲ್‌ನ ಒಳಮೂಲೆಯಿಂದ ಕಡಲೆಕಾಳಿನಷ್ಟು ಚೂರು ಕತ್ತರಿಸಿ, ಅಥವಾ ಹೊಸ ಶೀಟಿನ ತುಂಡು ಕೇಳಿ ತನ್ನಿ.

ಮೊದಲು ನೀರಿಗೆ ಹಾಕಿ. ಸಲೀಸಾಗಿ ತೇಲಿದರೆ ಅದು ಗಾಳಿಗುಳ್ಳೆ ತುಂಬಿದ ಪಿಯು (ಪಾಲಿಯುರೆಥೇನ್), ಇವಿಎ (ಹಗುರ ನೊರೆ ಪ್ಲಾಸ್ಟಿಕ್) ಅಥವಾ ಮೈಕ್ರೋ ಶೀಟು (ಹಗುರ ನೊರೆ ರಬ್ಬರ್). ಮುಳುಗಿದರೆ ಗಟ್ಟಿ ರಬ್ಬರ್ ಅಥವಾ ಪಿವಿಸಿ. ಟಿಪಿಆರ್ ನೀರಿನಷ್ಟೇ ತೂಕದ್ದಾದ್ದರಿಂದ ಹಾಗೂ ಆಗಬಹುದು, ಹೀಗೂ ಆಗಬಹುದು. ಆಮೇಲೆ ಗುಂಡುಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಚುಚ್ಚಿ. ಬೆಣ್ಣೆಗೆ ಇಳಿದಂತೆ ಇಳಿದು ಸುತ್ತ ಕರಗಿದ ಅಂಚು ಎದ್ದರೆ ಅದು ಟಿಪಿಆರ್ ಅಥವಾ ಪಿವಿಸಿ, ಅಂದರೆ ಕಾಯಿಸಿದರೆ ಕರಗುವ ಪ್ಲಾಸ್ಟಿಕ್ ಬಳಗ. ಗಂಧಕ ಹಾಕಿ ಬೇಯಿಸಿದ ನಿಜ ರಬ್ಬರ್ ಕರಗುವುದಿಲ್ಲ. ಸುಟ್ಟ ಟೈರಿನ ವಾಸನೆ ಬರುತ್ತದೆ, ತೂತಿನ ಅಂಚು ಕರಕಲಾಗುತ್ತದೆ, ಅಷ್ಟೇ.

ಟಿಪಿಆರ್‌ನಿಂದ ಪಿವಿಸಿಯನ್ನು ಬೇರ್ಪಡಿಸಲು ತಾಮ್ರದ ತಂತಿ ಬೇಕು. ತಂತಿಯನ್ನು ಗ್ಯಾಸ್ ಒಲೆಯ ಉರಿಯಲ್ಲಿ ಹಸಿರು ಬಣ್ಣ ಬಾರದಾಗುವವರೆಗೆ ಸುಟ್ಟು, ಬಿಸಿ ಇರುವಾಗಲೇ ಸೋಲ್‌ಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಗೋಂದು ಹತ್ತಿದ ಜಾಗಕ್ಕೆ ಮಾತ್ರ ಮುಟ್ಟಿಸಬೇಡಿ. ನಿಯೋಪ್ರೀನ್ ಸೊಲ್ಯೂಷನ್‌ನಲ್ಲೂ ಕ್ಲೋರಿನ್ ಇರುವುದರಿಂದ ಸುಳ್ಳು ಹಸಿರು ಬರುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟು, ಸಾಸಿವೆಯಷ್ಟು ಮಾತ್ರ ತಾಗಿಸಿ. ಆ ಹೊಗೆ ಒಳ್ಳೆಯದಲ್ಲ.

ಎಣ್ಣೆ ನೆಲದ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ಎರಡು ಶೀಟಿನ ತುಂಡುಗಳನ್ನು ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಒರೆಸಿ ದಪ್ಪ ಅಳೆಯಿರಿ. ಸಾದಾ ರಬ್ಬರ್ ಉಬ್ಬಿ ಮೆತ್ತಗಾಗಿರುತ್ತದೆ, ನೈಟ್ರೈಲ್ ರಬ್ಬರ್ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಲಾರಿ ಗ್ಯಾರೇಜು, ಪಂಪ್‌ಸೆಟ್ ರಿಪೇರಿ, ಎಣ್ಣೆ ಮಿಲ್ಲು ಇಂಥ ಕಡೆ ಓಡಾಡುವವರು ನೈಟ್ರೈಲ್ ಬಿಟ್ಟು ಬೇರೆಯದಕ್ಕೆ ದುಡ್ಡು ಹಾಕಬಾರದು.

ಅಂಟಿಸುವ ಕೆಲಸ ಎಲ್ಲಿ ತಪ್ಪುತ್ತದೆ

ವಸ್ತು ಗೊತ್ತಾದ ಮೇಲೆ ಗೋಂದು ತಾನೇ ತೀರ್ಮಾನವಾಗುತ್ತದೆ. ನಿಜ ರಬ್ಬರ್, ಕ್ರೇಪ್ (ಬೇಯಿಸದ ಹಸಿ ರಬ್ಬರ್ ಶೀಟು), ನೈಟ್ರೈಲ್ ಇವಕ್ಕೆ ಮೈ ಚೆನ್ನಾಗಿ ಉಜ್ಜಿದರೆ ನಿಯೋಪ್ರೀನ್ ಸೊಲ್ಯೂಷನ್ ಸಾಕು. ಟಿಪಿಆರ್‌ಗೆ ಮೊದಲು ಕ್ಲೋರಿನ್ ಬಿಡುವ ಹ್ಯಾಲೊಜನ್ ಪ್ರೈಮರ್ ಬಳಿದು ಅರ್ಧ ಗಂಟೆಯಿಂದ ಒಂದು ಗಂಟೆ ಆರಬಿಡಬೇಕು, ಆಮೇಲೆ ಗೋಂದು. ಪಿವಿಸಿ ಮತ್ತು ಪಿಯುಗೆ ಪಿಯು ಗೋಂದೇ ಆಗಬೇಕು. ಇವಿಎಗೆ ಅದರದೇ ಪ್ರೈಮರ್ ಬೇರೆ ಇದೆ. ಸಣ್ಣ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಒಂದೇ ಡಬ್ಬಿ ಸೊಲ್ಯೂಷನ್. ಆದ್ದರಿಂದ ಆ ಅಂಗಡಿಯಲ್ಲಿ ಮಾಡಿಸುವುದಾದರೆ ಟಿಪಿಆರ್, ಪಿವಿಸಿ ಬಿಟ್ಟು ನಿಜ ರಬ್ಬರ್ ಶೀಟನ್ನೇ ಆರಿಸಿ. ‘ಅಣ್ಣಾ, ಈ ಸೋಲಿಗೆ ಪ್ರೈಮರ್ ಹಾಕ್ತೀರೇನ್ರೀ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೆಲಸ ಬಲ್ಲವರು ಆ ಪ್ರಶ್ನೆಗೆ ಖುಷಿಪಡುತ್ತಾರೆ.

ಕ್ರಮ ಹೀಗೆ. ಹಳೆಯ ಗೋಂದನ್ನು ಚರ್ಮ ಕೊಯ್ಯುವ ರಂಪಿಗೆಯಿಂದ ಕೆರೆದು ಪೂರ್ತಿ ತೆಗೆಯಬೇಕು. ಚರ್ಮವನ್ನು ಒರಟು ಅರದಿಂದ ನಾರು ಏಳುವವರೆಗೆ, ಸೋಲ್‌ನ ಮೈಯನ್ನು 40ರಿಂದ 60 ನಂಬರಿನ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ತಿಕ್ಕಬೇಕು. ಧೂಳನ್ನು ಬ್ರಷ್‌ನಿಂದ ಝಾಡಿಸಿ, ದ್ರಾವಕ ಅದ್ದಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಚರ್ಮ ಮೊದಲ ಪದರವನ್ನು ಕುಡಿದುಬಿಡುತ್ತದೆ, ಹಾಗಾಗಿ ಅದಕ್ಕೆ ತೆಳುವಾಗಿ ಒಂದು ಕೈ ಬಳಿದು 15–20 ನಿಮಿಷ ಆರಿಸಿ, ಆಮೇಲೆ ಎರಡೂ ಕಡೆ ಸಮನಾಗಿ ಇನ್ನೊಂದು ಕೈ. ಬೆರಳ ಹಿಂಬದಿಯಿಂದ ಮುಟ್ಟಿದರೆ ಜಿಗಿ ತಿಳಿಯಬೇಕು, ಆದರೆ ಗೋಂದು ಬೆರಳಿಗೆ ಬರಬಾರದು. ಜೋಡಿಸುವ ಹದ ಅದು. ಗಡಿಯಾರ ನೋಡಿ ಈ ಹದ ಹೇಳಲಾಗದು. ಜನವರಿಯಲ್ಲಿ 15 ನಿಮಿಷ ಹಿಡಿದದ್ದು ಮೇ ತಿಂಗಳಲ್ಲಿ ಐದಾರು ನಿಮಿಷಕ್ಕೇ ಮುಗಿದಿರುತ್ತದೆ. ಹದ ಮೀರಿದ್ದರೆ ಮತ್ತೆ ಬಳಿಯುವುದಕ್ಕಿಂತ ಬಿಸಿಗಾಳಿ ಯಂತ್ರದಿಂದ ಎರಡೂ ಪದರವನ್ನು 60–65 ಡಿಗ್ರಿಗೆ ಕಾಯಿಸಿ ತಕ್ಷಣ ಒತ್ತಿದರೆ ಜೀವ ಬರುತ್ತದೆ. ಪಿಯು ಗೋಂದನ್ನಂತೂ ಹೀಗೆ ಕಾಯಿಸಿಯೇ ಜೋಡಿಸುವುದು ಸರಿಯಾದ ಪದ್ಧತಿ.

ಮಳೆಗಾಲದ ತೊಂದರೆ ಬೇರೆ. ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಗೋಂದಿನ ಮೇಲೆ ಬಿಳಿ ಮಸುಕು ಕಂಡರೆ ಅದೇ. ಹಾಗೆಯೇ ಜೋಡಿಸಿದರೆ ನಿಲ್ಲುವುದಿಲ್ಲ, ಮಸುಕು ಹೋಗುವವರೆಗೆ ಬೆಚ್ಚಗೆ ಮಾಡಬೇಕು.

ಜೋಡಿಸಿದ ಮೇಲೆ ಸೋಲ್‌ನ ನಡುವಿನಿಂದ ಅಂಚಿನ ಕಡೆಗೆ ಬಡಿಯುತ್ತ ಬನ್ನಿ, ಒಳಗಿನ ಗಾಳಿ ಹೊರಹೋಗಲಿ. ಶೂ ಒಳಗೆ ಕಟ್ಟಿಗೆಯ ಅಚ್ಚು ಅಥವಾ ಮೂರು ಕಾಲಿನ ಕಬ್ಬಿಣದ ಅಚ್ಚು ಇರಲೇಬೇಕು. ಖಾಲಿ ಶೂವನ್ನು ಬಡಿದರೆ ಪೆಟ್ಟು ಎಲ್ಲಿಗೂ ತಲುಪುವುದಿಲ್ಲ. ಕಮಾನಿನ ಭಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ರಾತ್ರಿಯಿಡೀ ಬಿಡಿ. 24 ಗಂಟೆ ಹಾಕಿಕೊಳ್ಳಬಾರದು. ಸಂಜೆ ಕೊಟ್ಟು ಬೆಳಿಗ್ಗೆ ಮದುವೆಗೆ ಹಾಕಿಕೊಂಡು ಹೋದ ಶೂ ಕೈಕೊಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಕಡೆಯ ಬಿಸಿಲಿಗೆ ಹಾರ್ಡ್‌ನರ್ ಬೇಕೇ ಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. 100 ಗ್ರಾಂ ಗೋಂದಿಗೆ 3ರಿಂದ 5 ಗ್ರಾಂ ಐಸೊಸಯನೇಟ್ ಹಾರ್ಡ್‌ನರ್ ಬೆರೆಸಿದರೆ ಒಣಗಿದ ಗೋಂದು ಕಾವಿಗೆ ಮೆತ್ತಗಾಗುವುದು ಬಹಳ ಕಡಿಮೆಯಾಗುತ್ತದೆ. ಬೆರೆಸಿದ್ದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಆದ್ದರಿಂದ ಅಂದಿನ ಕೆಲಸಕ್ಕೆ ಬೇಕಾದಷ್ಟನ್ನೇ ಕಲಸಬೇಕು. ಉಳಿದದ್ದನ್ನು ಡಬ್ಬಿಗೆ ಸುರಿದರೆ ಡಬ್ಬಿಯೇ ಹೋಗುತ್ತದೆ. ಇದರ ಆವಿ ಉಸಿರಿಗೆ ಕೆಟ್ಟದ್ದು, ಗಾಳಿಯಾಡುವ ಜಾಗ ಮತ್ತು ಕೈಗವಸು ಇರಲಿ. ಕ್ಷಣದಲ್ಲಿ ಅಂಟುವ ಪುಟ್ಟ ಟ್ಯೂಬಿನ ಗೋಂದನ್ನು ಸೋಲ್‌ಗೆ ಹಾಕಬೇಡಿ. ಅದು ಗಾಜಿನಂತೆ ಗಡುಸಾಗುತ್ತದೆ, ನಡೆದಾಗ ಬಾಗುವ ಜಾಗದಲ್ಲಿ ಒಡೆಯುತ್ತದೆ, ಮುಂದೆ ಸರಿಯಾದ ಗೋಂದು ಹಾಕಲೂ ಅಡ್ಡಿಯಾಗುತ್ತದೆ.

ಪೆಟ್ಟಿಗೆಯಲ್ಲಿಟ್ಟ ಶೂ ಪುಡಿಯಾದರೆ

ಮದುವೆಗೆಂದು ಕೊಂಡು ಎರಡು ಮೂರು ಸಲ ಹಾಕಿ ಎತ್ತಿಟ್ಟ ಶೂ, ಐದಾರು ವರ್ಷದ ಮೇಲೆ ತೆಗೆದಾಗ ಹೊಚ್ಚ ಹೊಸದರಂತೆ ಕಾಣುತ್ತದೆ. ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಅಡಿ ಚೂರುಚೂರಾಗಿ ಉದುರುತ್ತದೆ. ಇದು ಪಿಯು ಸೋಲ್‌ನ ರೋಗ. ಪಾಲಿಯೆಸ್ಟರ್ ಬಗೆಯ ಪಾಲಿಯುರೆಥೇನ್‌ನ ಸರಪಳಿಯನ್ನು ಗಾಳಿಯಲ್ಲಿನ ತೇವ ತುಂಡರಿಸುತ್ತ ಹೋಗುತ್ತದೆ, ಕಾವು ಇದ್ದರೆ ಇನ್ನೂ ಬೇಗ. ಹಾಕಿಕೊಳ್ಳದೆ ಇಟ್ಟರೂ ತಪ್ಪದು. ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ತೇವ ಸಿಕ್ಕಿಬಿದ್ದರಂತೂ ಕೇಳುವುದೇ ಬೇಡ. ತಗಡಿನ ಮಾಡಿನ ಕೆಳಗಿನ ಅಟ್ಟ ಇಂಥ ಶೂಗೆ ಅತಿ ಕೆಟ್ಟ ಜಾಗ.

ಪರೀಕ್ಷೆ ಸುಲಭ. ಸೋಲ್‌ನ ಪಕ್ಕವನ್ನು ಹೆಬ್ಬೆರಳ ಉಗುರಿನಿಂದ ಒತ್ತಿ. ಆರೋಗ್ಯವಂತ ಪಿಯು ಒತ್ತಿದ್ದು ಎದ್ದು ಬರುತ್ತದೆ. ಸತ್ತದ್ದರಲ್ಲಿ ಕಲೆ ಹಾಗೇ ಉಳಿಯುತ್ತದೆ, ಅಥವಾ ಸಿಪ್ಪೆ ಏಳುತ್ತದೆ, ಜಿಗಿಜಿಗಿ ಅನ್ನಿಸುತ್ತದೆ. ಹೀಗಾಗಿದ್ದರೆ ಉದುರಿದ ಚೂರನ್ನು ಅಂಟಿಸುವ ಯೋಚನೆ ಬಿಡಿ. ಗಟ್ಟಿ ಇರುವಂತೆ ಕಾಣುವ ಉಳಿದ ಭಾಗವೂ ವಾರಗಳಲ್ಲೇ ಹೋಗುತ್ತದೆ. ಎರಡೂ ಶೂಗಳ ಪಿಯು ಪೂರ್ತಿ ಕೆರೆದು ತೆಗೆಯಬೇಕು, ಒಂದು ಮಾತ್ರ ಉದುರಿದ್ದರೂ ಸಹ.

ಬದಲಿಗೆ ಏನು ಹಾಕುವುದು ಎಂಬಲ್ಲಿ ತೂಕದ ಲೆಕ್ಕ ಬರುತ್ತದೆ. ಪಿಯು ಒಂದು ಘನ ಸೆಂಟಿಮೀಟರಿಗೆ ಅರ್ಧ ಗ್ರಾಂ ಆಸುಪಾಸು, ಗಟ್ಟಿ ರಬ್ಬರ್ 1.1ರಿಂದ 1.2 ಗ್ರಾಂ. ಅಷ್ಟೇ ದಪ್ಪದ ಗಟ್ಟಿ ರಬ್ಬರ್ ಹಾಕಿದರೆ ಅಡಿಯ ತೂಕ ಎರಡು ಪಟ್ಟಾಗಿ, ತೆಳು ಚರ್ಮದ ಶೂ ಕಾಲಿಗೆ ಕಲ್ಲು ಕಟ್ಟಿದಂತಾಗುತ್ತದೆ, ಅಂಟಿನ ಮೇಲೂ ಎಳೆತ ಹೆಚ್ಚುತ್ತದೆ. ಆದ್ದರಿಂದ ಒಳಗೆ ಹಗುರ ಮೈಕ್ರೋ ಶೀಟು ಅಥವಾ ಗಡಸು ಇವಿಎಯ ಪದರ, ಅದರ ಕೆಳಗೆ 3–4 ಮಿ.ಮೀ. ನಿಜ ರಬ್ಬರ್, ಹೀಗೆ ಎರಡು ಪದರ ಮಾಡಿಸಿ. ನೆಲಕ್ಕೆ ತಾಗುವ ಜಾಗದಲ್ಲಿ ಮಾತ್ರ ರಬ್ಬರ್ ಇದ್ದರೆ ಸವೆತಕ್ಕೆ ಅಷ್ಟೇ ಸಾಕು. ಪಿಯುವನ್ನು ನೇರ ಶೂ ಮೇಲೇ ಅಚ್ಚು ಹೊಯ್ದಿದ್ದರೆ ಕೆರೆದ ಮೇಲೆ ಚರ್ಮದ ಅಂಚಿನ ಮಡಿಕೆ ತೆಳ್ಳಗೆ ಉಳಿಯುತ್ತದೆ. ಅಲ್ಲಿ ಅಂಟನ್ನಷ್ಟೇ ನಂಬದೆ ಪಕ್ಕದಿಂದ ಸುತ್ತ ದಬ್ಬಳದ ಹೊಲಿಗೆ ಹಾಕಿಸಬೇಕು.

ಶೂ ಕಟ್ಟಿದ ಬಗೆ ನೋಡದೆ ಸೋಲ್ ಕೊಳ್ಳಬೇಡಿ

ಒಳಗಿನ ಮೆತ್ತೆ ಎತ್ತಿ ಬೆರಳಾಡಿಸಿ. ಸುತ್ತ ಹೊಲಿಗೆಯ ಸಾಲು ಸಿಕ್ಕರೆ ಅದು ಬ್ಲೇಕ್ ಹೊಲಿಗೆ, ದಾರ ಒಳಗಿನಿಂದ ನೇರ ಸೋಲ್‌ಗೆ ಹೋಗಿದೆ. ಒಳಗೆ ಏನೂ ಇಲ್ಲದೆ ಹೊರಗಿನ ಅಂಚುಪಟ್ಟಿಯ ಮೇಲೂ ಸೋಲ್‌ನ ಅಡಿಯಲ್ಲೂ ಒಂದೇ ಅಂತರದ ಹೊಲಿಗೆ ಕಂಡರೆ ಅದು ವೆಲ್ಟ್ ಶೂ. ಎಲ್ಲೂ ಹೊಲಿಗೆ ಇಲ್ಲದಿದ್ದರೆ ಬರೀ ಅಂಟಿಸಿದ್ದು. ಮೋಸ ಹೋಗುವುದು ಇನ್ನೊಂದು ಬಗೆಯಲ್ಲಿ: ಅಂಚುಪಟ್ಟಿಯ ಮೇಲೆ ಚಂದದ ಹೊಲಿಗೆ ಇರುತ್ತದೆ, ಸೋಲ್ ಅಡಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಅದು ಬರೀ ಅಲಂಕಾರ. ಅಂಥ ಶೂವನ್ನು ಅಂಟಿಸಿದ ಶೂವೆಂದೇ ಎಣಿಸಿ. ಅಡಿಯ ಹೊಲಿಗೆ ಗಾಡಿಯಲ್ಲಿ (ಸೋಲ್‌ನಲ್ಲಿ ಕೊರೆದ ಸಣ್ಣ ತೋಡಿನಲ್ಲಿ) ಮುಚ್ಚಿಹೋಗಿರುವುದೂ ಉಂಟು, ಕೆರೆದು ನೋಡಿ ಖಚಿತಪಡಿಸಿಕೊಳ್ಳಿ.

ವೆಲ್ಟ್ ಶೂಗೆ 4.5ರಿಂದ 6 ಮಿ.ಮೀ. ರಬ್ಬರ್ ಸೋಲ್ ಹಾಕಿ ಮತ್ತೆ ಹೊಲಿಸಬಹುದು, ಬೂಟಾದರೆ ಹಲ್ಲು ಸೇರಿ 8–10 ಮಿ.ಮೀ. ಬಿಚ್ಚಿದಾಗ ಒಳಗಿನ ಬಿರಡೆಪುಡಿಯ (ಕಾರ್ಕ್) ಹಾಸು ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಆಗಲೇ ಬದಲಿಸಬೇಕು, ಮತ್ತೆ ಆ ಅವಕಾಶ ಸಿಗುವುದು ಮುಂದಿನ ಸೋಲ್ ಬದಲಿಸುವಾಗಲೇ. ಬ್ಲೇಕ್ ಶೂವಿನ ಮೂಲ ಸೋಲ್ ಕಿತ್ತು ಮತ್ತೆ ಹೊಲಿಯಲು ಶೂ ಒಳಗೆ ತೋಳು ಚಾಚುವ ಯಂತ್ರ ಬೇಕು. ಅದು ಸಿಗದ ಊರಿನಲ್ಲಿ ಮೂಲ ಸೋಲ್ ಕೀಳಿಸಲೇಬೇಡಿ. ತೂತು ಬೀಳುವ ಮುಂಚೆಯೇ ಅದರ ಮೇಲೆ 1.8ರಿಂದ 2.5 ಮಿ.ಮೀ. ತೆಳು ಅರ್ಧ ಸೋಲ್ ಅಂಟಿಸಿಕೊಂಡರೆ ದಾರವೂ ಉಳಿಯುತ್ತದೆ, ಹೊಲಿಗೆಯ ತೂತಿನಿಂದ ನೀರು ಹತ್ತುವುದೂ ನಿಲ್ಲುತ್ತದೆ.

ಅರ್ಧ ಸೋಲ್ ಹಿಂದಿನಿಂದ ಏಳುವುದು, ಬೆರಳ ಬುಡದಲ್ಲಿ ಸೀಳುವುದು

ಅರ್ಧ ಸೋಲ್‌ನ ಹಿಂದಂಚು ಪಾದ ಬಾಗುವ ಗೆರೆಯ ಮೇಲೇ ಬಂದರೆ ಪ್ರತಿ ಹೆಜ್ಜೆಗೂ ಅದನ್ನು ಎಬ್ಬಿಸಿದಂತೆ. ಶೂವಿನ ಅತಿ ಅಗಲದ ಜಾಗದಿಂದ ಹಿಮ್ಮಡಿ ಕಡೆಗೆ ಕನಿಷ್ಠ 2 ಸೆಂ.ಮೀ. ದಾಟಿ ಅಂಚು ಇರಲಿ, ಆ ಅಂಚನ್ನು ರಂಪಿಗೆಯಿಂದ ಓರೆಯಾಗಿ ಸವರಿ ಕಾಗದದಷ್ಟು ತೆಳುವಾಗಿಸಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಗೋಂದು ಬದಲಿಸಿ ಉಪಯೋಗವಿಲ್ಲ.

ಪೂರ್ತಿ ಸೋಲ್ ಅಡ್ಡಕ್ಕೆ ಸೀಳಿದ್ದರೆ ಸೀಳು ಎಲ್ಲಿಂದ ಶುರುವಾಗಿದೆ ನೋಡಿ. ಹಲ್ಲಿನ ನಡುವಿನ ಗಾಡಿಯ ತಳದಿಂದ ಹುಟ್ಟಿದ್ದರೆ ಗಾಡಿ ಆಳವಾಗಿದೆ ಮತ್ತು ಸರಿಯಾಗಿ ಬಾಗುವ ಗೆರೆಯ ಮೇಲೇ ಬಂದಿದೆ. ಒಂದು ಕಡೆ ಜಲ್ಲಿಕಲ್ಲಿನ ಗಾಯದಿಂದ ಬೆಳೆದಿದ್ದರೆ ರಬ್ಬರ್ ಗಡಸು ಜಾಸ್ತಿ. ಮೈತುಂಬ ಕೂದಲೆಳೆಯ ಬಿರುಕುಗಳಿದ್ದರೆ ಬಿಸಿಲು ಮತ್ತು ಓಝೋನ್ ತಿಂದ ಹಳೆಯ ರಬ್ಬರ್, ಅಂಗಡಿಯ ಶೀಟೇ ವರ್ಷಗಟ್ಟಲೆ ಹೊರಗೆ ತೂಗಿದ್ದೂ ಇರಬಹುದು. ಕೊಳ್ಳುವಾಗ ಶೀಟನ್ನು ಹೊರಮುಖ ಮೇಲಾಗಿ ಮಡಿಚಿ ಮಡಿಕೆಯನ್ನು ಬೆಳಕಿಗೆ ಹಿಡಿಯಿರಿ. ಬಿರುಕು ಕಂಡರೆ ಬೇಡ.

ಗಡಸನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ. ಕಾರಿನ ಟೈರಿನ ಹಲ್ಲು 60–70 ಇರುತ್ತದೆ, ಉಗುರಿನಿಂದ ಅದನ್ನೊಮ್ಮೆ ಒತ್ತಿ ಕೈಗೆ ಅಭ್ಯಾಸ ಮಾಡಿಕೊಂಡರೆ ಉಳಿದದ್ದನ್ನು ಅಂದಾಜು ಮಾಡಬಹುದು. ನಡೆಯುವ ಸೋಲ್‌ಗೆ 55–70 ಸರಿ. ಹಿಮ್ಮಡಿಯ ತುದಿಗೆ ಇನ್ನೂ ಗಡುಸಾದದ್ದೇ ಬೇಕು. ನಿಯೋಲೈಟ್ ಎಂದು ಕರೆಯುವ ರಾಳ ಬೆರೆತ ಶೀಟು 90ರ ಆಸುಪಾಸಿನದು. ಚರ್ಮದ ಸೋಲ್‌ನಂತೆ ಅಂಚು ಕಟ್ಟಾಗಿ ನಿಲ್ಲುತ್ತದೆ, ಸವೆಯುವುದೂ ನಿಧಾನ. ಆದರೆ 5 ಮಿ.ಮೀ.ಗಿಂತ ದಪ್ಪ ಹಾಕಿದರೆ ಬಾಗುವುದಿಲ್ಲ, ಒದ್ದೆ ನೆಲದಲ್ಲಿ ಜಾರುತ್ತದೆ.

ಸೋಲ್ ಚೆನ್ನಾಗಿದೆ, ನಡೆದರೆ ಕಾಲು ನೋಯುತ್ತದೆ

5 ಮಿ.ಮೀ. ಸೋಲ್ ಇದ್ದಲ್ಲಿ 8 ಮಿ.ಮೀ.ನದು ಹಾಕಿ ಹಿಮ್ಮಡಿಯನ್ನು ಇದ್ದಷ್ಟೇ ಬಿಟ್ಟರೆ ಮುಂಗಾಲು 3 ಮಿ.ಮೀ. ಎದ್ದಿತು, ಶೂ ಹಿಂದಕ್ಕೆ ವಾಲಿತು. ಹಿಮ್ಮಡಿ ಕಚ್ಚುತ್ತದೆ, ಮೊಣಕಾಲಿನ ಹಿಂದೆ ಎಳೆಯುತ್ತದೆ, ಮೇಲ್ಚರ್ಮ ಹೊಸ ಜಾಗದಲ್ಲಿ ಮಡಿಚಿಕೊಳ್ಳುತ್ತದೆ. ಮುಂದೆ ಎಷ್ಟು ಏರಿಸಿದರೋ ಹಿಂದೆಯೂ ಅಷ್ಟೇ ಏರಿಸಬೇಕು. ಕಡಪ ಕಲ್ಲಿನ ಮೇಲೆ ಶೂ ಇಟ್ಟು ಹಿಮ್ಮಡಿಯ ಕೆಳಗೆ ದಪ್ಪ ಕಾಗದ ತೂರಿಸಿ ನೋಡಿ. ಹಿಮ್ಮಡಿಯ ಮುಂದಂಚಿನಲ್ಲಿ ಕಾಗದ ತೂರಿದರೆ ಹಿಮ್ಮಡಿ ಗಿಡ್ಡ, ಹಿಂದಂಚಿನಲ್ಲಿ ತೂರಿದರೆ ಎತ್ತರ ಹೆಚ್ಚು. ಎಲ್ಲೂ ತೂರಬಾರದು. ಮುಂಬೆರಳ ತುದಿ ಮಾತ್ರ ಕಲ್ಲಿನಿಂದ ಒಂದು ಸೆಂ.ಮೀ. ಆಸುಪಾಸು ಎದ್ದಿರಬೇಕು. ಬೂಟಿನ ದಪ್ಪ ಸೋಲ್‌ಗೆ ಇನ್ನೂ ಸ್ವಲ್ಪ ಜಾಸ್ತಿ. ಈ ಏರು ಇಲ್ಲದಿದ್ದರೆ ತುದಿ ನೆಲಕ್ಕೆ ಉಜ್ಜಿ ಅಲ್ಲಿಂದಲೇ ಬಾಯಿ ಬಿಡುತ್ತದೆ.

ನಡು ಭಾಗ ಕುಸಿದು, ಹೆಜ್ಜೆಗೊಮ್ಮೆ ಕಿರ್ ಎಂದರೆ ಒಳಗಿನ ಉಕ್ಕಿನ ಪಟ್ಟಿ ಸಡಿಲಾಗಿದೆ ಅಥವಾ ಮುರಿದಿದೆ. ಸೋಲ್ ಬಿಚ್ಚಿದಾಗಲೇ ಅದನ್ನು ಬದಲಿಸಿ.

ನೆಲಕ್ಕೆ ತಕ್ಕ ಸೋಲ್

ಕೋರ್ಟು, ಬ್ಯಾಂಕು, ಕಚೇರಿಗಳ ನುಣುಪು ಗ್ರಾನೈಟ್ ಮತ್ತು ಟೈಲ್ಸ್ ಮೇಲೆ ಜಾರುವವರು ದೊಡ್ಡ ಹಲ್ಲಿನ ಸೋಲ್ ಹುಡುಕುತ್ತಾರೆ. ಅದು ತಿರುಗಾಮುರುಗಾ. ನುಣುಪು ನೆಲಕ್ಕೆ ಹೆಚ್ಚು ರಬ್ಬರ್ ತಾಗಬೇಕು, ನೀರು ಸರಿದುಹೋಗಲು ಸಣ್ಣ ಸೀಳುಗಳಿರಬೇಕು, ರಬ್ಬರ್ 55–60ರ ಮೆತ್ತನೆಯದಾಗಿರಬೇಕು. ಹೊಸ ಸೋಲ್ ಮೊದಲ ವಾರ ಜಾರಿದರೆ ಮೈಮೇಲಿನ ಅಚ್ಚಿನ ಹೊಳಪನ್ನು ಉಜ್ಜುಕಾಗದದಿಂದ ತೆಗೆದರೆ ಸಾಕು. ನೆಲದ ಮೇಲೆ ಕಪ್ಪು ಗೆರೆ ಬೀಳುತ್ತಿದ್ದರೆ ಅದು ಮಸಿ ಬೆರೆಸಿದ ಅಗ್ಗದ ರಬ್ಬರ್. ಕೊಳ್ಳುವ ಮುಂಚೆ ಬಿಳಿ ಕಾಗದದ ಮೇಲೆ ಒತ್ತಿ ಎಳೆದು ನೋಡಿ.

ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಎರೆಮಣ್ಣು ಮಳೆ ಬಿದ್ದರೆ ಹಲ್ಲಿನ ನಡುವೆ ತುಂಬಿ ಬಿಡುವುದೇ ಇಲ್ಲ, ಕಾಲಿಗೆ ಕಿಲೋಗಟ್ಟಲೆ ಮಣ್ಣು ಹತ್ತುತ್ತದೆ. ಅಲ್ಲಿಗೆ ಹಲ್ಲು ಕಡಿಮೆ, ಅಂತರ ಅಗಲ, ಗಾಡಿಗಳು ಅಂಚಿನವರೆಗೆ ತೆರೆದಿರುವ, ಹಲ್ಲಿನ ಪಕ್ಕ ಇಳಿಜಾರಾಗಿರುವ ಸೋಲ್ ಆರಿಸಿ. ಒತ್ತಾದ ಗುಂಡು ಗುಬುಟಿನ ಸೋಲ್ ಪಟ್ಟಣದ ಮಳೆಗೆ ಒಳ್ಳೆಯದು, ಹೊಲಕ್ಕಲ್ಲ. ಸಂಡೂರಿನ ಗಣಿ ರಸ್ತೆಗಳ ಹರಿತ ಅದಿರಿನ ಜಲ್ಲಿ ಮೆತ್ತನೆಯ ಸೋಲನ್ನು ಕತ್ತರಿಸಿಹಾಕುತ್ತದೆ, ಅಲ್ಲಿ 65–70ರ ಗಟ್ಟಿ ರಬ್ಬರ್, 4–5 ಮಿ.ಮೀ. ಹಲ್ಲು ಬೇಕು.

ಬಳ್ಳಾರಿ ಜಾಲಿಯ ಮುಳ್ಳಿನ ಬಗ್ಗೆ ಹೇಳದಿದ್ದರೆ ಈ ಭಾಗದ ಬರಹ ಪೂರ್ತಿಯಾಗದು. ಹಗುರ ಇವಿಎ ಸೋಲನ್ನು ಅದು ದಾಟಿ ಪಾದಕ್ಕೇ ನಾಟುತ್ತದೆ. ಗಟ್ಟಿ ರಬ್ಬರ್ 6 ಮಿ.ಮೀ. ಇದ್ದರೂ ನೇರ ನಿಂತ ಮುಳ್ಳಿಗೆ ಪೂರ್ಣ ತಡೆಯಲ್ಲ, ಆದರೆ ಹೆಚ್ಚಿನವು ಮುರಿಯುತ್ತವೆ. ಮುರಿದ ತುದಿ ಸೋಲ್‌ನಲ್ಲೇ ಉಳಿದು ದಿನದಿನಕ್ಕೆ ಒಳಗೆ ಸರಿಯುತ್ತದೆ. ಎಲ್ಲೋ ಚುಚ್ಚಿದಂತಾದರೆ ಅಡಿಯನ್ನು ಬಾಗಿಸಿ, ದಬ್ಬಳದಿಂದ ಕೆದಕಿ ತೆಗೆಯಿರಿ. ಟೈರಿನ ಸೋಲ್ ಮುಳ್ಳಿಗೆ ಗಟ್ಟಿ ಎಂಬುದು ನಿಜ, ಚಪ್ಪಲಿಗೆ ಅದು ಸರಿಯೇ. ಆದರೆ ಶೂಗೆ ಅದರ ನೈಲಾನ್ ನೂಲಿನ ಪದರದ ಕಡೆ ಗೋಂದು ಸರಿಯಾಗಿ ಹಿಡಿಯದು, ಅದರ ಬಾಗೂ ಶೂವಿನ ಅಡಿಗೆ ಹೊಂದದು.

ಸೋಲ್ ಬದಲಿಸಬಾರದ ಬೂಟು

ತೋರಣಗಲ್ಲು, ಗಿಣಿಗೇರಿಯ ಉಕ್ಕು ಕಾರ್ಖಾನೆಗಳು, ಶಕ್ತಿನಗರದ ಶಾಖೋತ್ಪನ್ನ ಸ್ಥಾವರ, ಹಟ್ಟಿಯ ಚಿನ್ನದ ಗಣಿ ಇಂಥ ಕಡೆ ದುಡಿಯುವವರ ಸುರಕ್ಷಾ ಬೂಟಿನ ಲೆಕ್ಕವೇ ಬೇರೆ. ಐಎಸ್ 15298 (ಸುರಕ್ಷಾ ಪಾದರಕ್ಷೆಯ ಭಾರತೀಯ ಮಾನಕ) ಮುದ್ರೆ ಇರುವುದು ಇಡೀ ಬೂಟಿಗೆ: ಬೆರಳಿನ ಟೋಪಿಗೆ 200 ಜೂಲ್ ಹೊಡೆತದ ಪರೀಕ್ಷೆ, ಮೊಳೆ ತಡೆಯುವ ತಟ್ಟೆ ಇದ್ದರೆ 1,100 ನ್ಯೂಟನ್ ಒತ್ತಡದ ಪರೀಕ್ಷೆ, ಎಚ್‌ಆರ್‌ಒ ಎಂದು ಬರೆದಿದ್ದರೆ ಸೋಲ್ 300 ಡಿಗ್ರಿ ಬಿಸಿಯನ್ನು ಒಂದು ನಿಮಿಷ ತಾಳುವ ಪರೀಕ್ಷೆ. ಹೊರಗೆ ಸೋಲ್ ಬದಲಿಸಿದರೆ ಇವುಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡಿ ಹೇಳಲು ಬಾರದು. ಸಾದಾ ಟಿಪಿಆರ್ ಬಿಸಿ ಚೂರಿನ ಮೇಲೆ ಕಾಲಿಟ್ಟ ಕೂಡಲೇ ಕರಗುತ್ತದೆ. ಹಲ್ಲು ಸವೆದ ಸುರಕ್ಷಾ ಬೂಟನ್ನು ಕೆಲಸಕ್ಕಾಗಿ ರಿಪೇರಿ ಮಾಡಿಸದೆ ಹೊಸದನ್ನೇ ಕೇಳಿ ಪಡೆಯಬೇಕು. ಹಳೆಯದಕ್ಕೆ ಸೋಲ್ ಹಾಕಿಸಿ ಹೊಲಕ್ಕೆ ಬಳಸುವುದಾದರೆ ಒಳಗಿನ ಮುದ್ರೆಯ ಪಟ್ಟಿಯನ್ನು ಕಿತ್ತುಬಿಡಿ, ಮನೆಯ ಇನ್ನೊಬ್ಬರು ಅದನ್ನು ನಂಬಿ ಕಾರ್ಖಾನೆಗೆ ಹಾಕಿಕೊಂಡು ಹೋಗದಂತೆ.